ಕಣ್ಣೊಳಗೆ ಒಡ್ಡಿದ ಬಲೆ

ಮೈಮೇಲೆ ಬಹುತೇಕ ಎಲ್ಲಿ ಗೀರಿದರೂ ರಕ್ತ ಜಿನುಗುತ್ತದೆ. ಕಣ್ಣಿನ ಮುಂಭಾಗವನ್ನು ಮುಚ್ಚಿರುವ ಕಾರ್ನಿಯಾ ಮಾತ್ರ ಇದಕ್ಕೆ ಹೊರತು. ಅರ್ಧ ಮಿಲಿಮೀಟರಿನಷ್ಟು ದಪ್ಪದ ಆ ಪಾರದರ್ಶಕ ಪದರದಲ್ಲಿ ಒಂದೇ ಒಂದು ರಕ್ತನಾಳವೂ ಇಲ್ಲ. ಇದ್ದಿದ್ದರೆ ಬೆಳಕು ಒಳಗೆ ಸಲೀಸಾಗಿ ಇಳಿಯುತ್ತಿರಲಿಲ್ಲ, ಕಂಡದ್ದೆಲ್ಲ ಮಸುಕಾಗಿರುತ್ತಿತ್ತು. ವಿಚಿತ್ರವೆಂದರೆ ಪಕ್ಕದ ಬಿಳಿಗುಡ್ಡೆಯ ಮೇಲೆ ನಾಳಗಳ ಜಾಲವೇ ಇದೆ. ಅವು ಕಾರ್ನಿಯಾದ ಅಂಚಿನವರೆಗೆ ಬಂದು ಅಲ್ಲಿಗೇ ನಿಂತುಬಿಡುತ್ತವೆ. ಹಾಗೆಂದು ಕಾರ್ನಿಯಾದಲ್ಲಿ ನಾಳಗಳನ್ನು ಕರೆಯುವ ರಾಸಾಯನಿಕ ಇಲ್ಲವೆಂದಲ್ಲ. ಧಾರಾಳವಾಗಿಯೇ ಇದೆ.

ಕರೆ ಇದ್ದೂ ಯಾರೂ ಬರುವುದಿಲ್ಲ ಏಕೆ? ಇದಕ್ಕೆ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಾಲಮುರಳಿ ಅಂಬಟಿ, ಜಯಕೃಷ್ಣ ಅಂಬಟಿ ಸೋದರರು ಮತ್ತು ಸಂಗಡಿಗರು ಉತ್ತರ ಕೊಟ್ಟರು. ಕರೆಯುವ ಅಣುವನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೊಟೀನನ್ನೂ ಕಾರ್ನಿಯಾ ತಯಾರಿಸುತ್ತದೆ. ಇಲಿಗಳ ಕಣ್ಣಲ್ಲಿ ಆ ಪ್ರೊಟೀನನ್ನು ನಿಷ್ಕ್ರಿಯಗೊಳಿಸಿದಾಗ ನಾಳಗಳು ಕಾರ್ನಿಯಾದೊಳಕ್ಕೆ ನುಗ್ಗಿದವು. ಪ್ರಕೃತಿಯೇ ಈ ಪ್ರಯೋಗವನ್ನು ಒಮ್ಮೆ ಮಾಡಿ ನೋಡಿದೆ. ಮನಾಟೀ ಎಂಬ ಕಡಲಹಸುವಿನ ಕಾರ್ನಿಯಾದಲ್ಲಿ ರಕ್ತನಾಳಗಳಿವೆ, ಅದರಲ್ಲಿ ಈ ಕಟ್ಟಿಹಾಕುವ ಪ್ರೊಟೀನು ಇಲ್ಲ. ಅದರ ದೂರದ ನೆಂಟನಾದ ಆನೆಯ ಕಾರ್ನಿಯಾದಲ್ಲಿ ಪ್ರೊಟೀನು ಇದೆ, ನಾಳಗಳಿಲ್ಲ.

ಈ ಸಂಗತಿ ಪ್ರಕಟವಾಗುವ ಹೊತ್ತಿಗೆ ಅಮೆರಿಕದ ಔಷಧ ಕಂಪನಿಯೊಂದು ಹೆಚ್ಚುಕಡಿಮೆ ಇದೇ ತತ್ವದ ಪ್ರೊಟೀನನ್ನು ಪ್ರಯೋಗಾಲಯದಲ್ಲಿ ಕಟ್ಟಿ, ಮನುಷ್ಯರ ಮೇಲೆ ಪರೀಕ್ಷಿಸುತ್ತಿತ್ತು. ಅದಕ್ಕೆ 'ಟ್ರ್ಯಾಪ್', ಅಂದರೆ ಬಲೆ ಎಂದೇ ಹೆಸರಿಟ್ಟಿತ್ತು. ಇಂದು ನಮ್ಮೂರುಗಳ ಕಣ್ಣಿನ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ 'ಕಣ್ಣಿಗೆ ಇಂಜೆಕ್ಷನ್ ಹಾಕಬೇಕು' ಎಂದು ವೈದ್ಯರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂಥ ಔಷಧಗಳೇ.

ಬಲೆಗೆ ಬೀಳುವ ಆ ಅಣುಗಳ ಜಾತಿಗೆ ಬೆಳವಣಿಗೆ ಅಂಶಗಳು, ಗ್ರೋತ್ ಫ್ಯಾಕ್ಟರುಗಳು ಎಂದು ಹೆಸರು. ಒಂದು ಜೀವಕೋಶ ಇನ್ನೊಂದಕ್ಕೆ 'ಬೆಳೆ', 'ವಿಭಜನೆಯಾಗು', 'ಇತ್ತ ಸರಿ', 'ಸಾಯಬೇಡ' ಎಂದು ಸೂಚಿಸುವುದು ಈ ಸಣ್ಣ ಪ್ರೊಟೀನುಗಳ ಮೂಲಕ. ನರಗಳ ಬೆಳವಣಿಗೆ ಅಂಶವನ್ನು ಪತ್ತೆಹಚ್ಚಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಅವರ ಸಹೋದ್ಯೋಗಿ ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ಪ್ರಶಸ್ತಿ ಸಂದಿತು. ಆಮೇಲೆ ಇಂಥ ಹತ್ತಾರು ಅಂಶಗಳು ಸಿಕ್ಕಿವೆ. ಗಾಯ ಮಾಯುವುದು, ತಿಂಗಳು ತಿಂಗಳು ಗರ್ಭಕೋಶದ ಒಳಪದರ ಮತ್ತೆ ಬೆಳೆಯುವುದು, ಭ್ರೂಣ ಮಗುವಾಗುವುದು, ಯಾವುದೂ ಇವಿಲ್ಲದೆ ನಡೆಯದು. ಸೂಚನೆ ನಿಲ್ಲಬೇಕಾದ ಕಡೆ ನಿಲ್ಲದಿದ್ದಾಗ ಕಾಯಿಲೆ.

ಔಷಧ ಮಾಡುವವರಿಗೆ ಇವುಗಳಲ್ಲಿ ಒಂದು ಅನುಕೂಲ, ಒಂದು ಅನನುಕೂಲ ಕಂಡವು. ಅನುಕೂಲವೆಂದರೆ ಇವು ಜೀವಕೋಶದ ಹೊರಗೆ ಓಡಾಡುತ್ತವೆ. ಪ್ರೊಟೀನಿನಂಥ ದೊಡ್ಡ ಅಣು ಜೀವಕೋಶದ ಪೊರೆ ದಾಟಿ ಒಳಗೆ ಹೋಗಲಾರದು, ಆದರೆ ಹೊರಗೆ ಇರುವುದನ್ನು ದಾರಿಯಲ್ಲೇ ಹಿಡಿಯಬಲ್ಲದು. ಅನನುಕೂಲವೆಂದರೆ, ಬೆಳವಣಿಗೆ ಅಂಶವೂ ಅದನ್ನು ಬರಮಾಡಿಕೊಳ್ಳುವ ಜೀವಕೋಶದ ಗ್ರಾಹಕವೂ (ರಿಸೆಪ್ಟರ್) ಪರಸ್ಪರ ಕೂಡುವ ಮೇಲ್ಮೈ ಅಗಲವಾಗಿ, ಚಪ್ಪಟೆಯಾಗಿರುತ್ತದೆ. ಮಾತ್ರೆಯೊಳಗಿನ ಸಣ್ಣ ರಾಸಾಯನಿಕ ಅಣುವಿಗೆ ಹೊಕ್ಕು ಕೂರಲು ಅಲ್ಲಿ ತಗ್ಗುಗಳೇ ಇಲ್ಲ. ಅಷ್ಟಗಲದ ಜಾಗವನ್ನು ಮುಚ್ಚಬೇಕಾದರೆ ಇನ್ನೊಂದು ಪ್ರೊಟೀನೇ ಬೇಕು. ಈ ಔಷಧಗಳು ಗುಳಿಗೆಯಾಗದೆ ಚುಚ್ಚುಮದ್ದಾಗಿ ಬರಲು ಇದೇ ಕಾರಣ. ಪ್ರೊಟೀನನ್ನು ನುಂಗಿದರೆ ಜಠರ ಅದನ್ನು ಬೇಳೆಯಂತೆಯೇ ಅರಗಿಸಿಬಿಡುತ್ತದೆ.

ರಕ್ತನಾಳಗಳ ಕಥೆ ಶುರುವಾದದ್ದು ಕ್ಯಾನ್ಸರಿನಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿದ್ದ ಜೂಡಾ ಫೋಕ್‌ಮನ್ ಎಂಬ ಯುವ ಶಸ್ತ್ರವೈದ್ಯರು, ಮೊಲದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿಟ್ಟು ಅದರೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಗಂತಿಗಳು ಒಂದೆರಡು ಮಿಲಿಮೀಟರ್ ಬೆಳೆದು ಅಲ್ಲಿಗೇ ನಿಂತವು. ಅದೇ ಗಂತಿಗಳನ್ನು ಇಲಿಯ ಮೈಗೆ ಮರಳಿಸಿದಾಗ ಮತ್ತೆ ದೊಡ್ಡದಾಗತೊಡಗಿದವು. ವ್ಯತ್ಯಾಸ ಇದ್ದದ್ದು ಹೊಸ ರಕ್ತನಾಳಗಳಲ್ಲಿ. ಗಂತಿ ತಾನೇ ಏನನ್ನೋ ಸ್ರವಿಸಿ ನಾಳಗಳನ್ನು ಕರೆಸಿಕೊಳ್ಳುತ್ತದೆ, ಆ 'ಏನೋ' ಒಂದನ್ನು ತಡೆದರೆ ಗಂತಿ ಸೊರಗುತ್ತದೆ ಎಂದು ಅವರು 1971ರಲ್ಲಿ ಬರೆದರು. ಬಹಳ ಮಂದಿ ಇದನ್ನು ನಂಬಲಿಲ್ಲ. ಗಂತಿಯ ಸುತ್ತ ಕಾಣುವ ನಾಳಗಳು ಬರಿಯ ಉರಿಯೂತದ ಪರಿಣಾಮ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ.

ಆ 'ಏನೋ' ಎರಡು ಕಡೆ, ಎರಡು ಹೆಸರಿನಲ್ಲಿ ಸಿಕ್ಕಿತು. 1983ರಲ್ಲಿ ಬಾಸ್ಟನ್ನಿನ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೋರಾಕ್ ಅವರು ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೊಟೀನೊಂದನ್ನು ಗಿನಿಹಂದಿಯ ಗಂತಿಗಳಲ್ಲಿ ಕಂಡರು. 1989ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ ಅವರು ಹಸುವಿನ ಪಿಟ್ಯುಟರಿ ಗ್ರಂಥಿಯ ಕೋಶಗಳಿಂದ, ರಕ್ತನಾಳದ ಒಳಪದರವನ್ನು ಬೆಳೆಸುವ ಪ್ರೊಟೀನನ್ನು ಬೇರ್ಪಡಿಸಿದರು. ಕಂಪನಿ ಅವರನ್ನು ಸೇರಿಸಿಕೊಂಡದ್ದು ಬೇರೆ ಕೆಲಸಕ್ಕೆ. ಇದು ಅವರು ಬಿಡುವಿನ ಸಮಯದಲ್ಲಿ ಹಿಡಿದಿದ್ದ ಹುಚ್ಚು. ಎರಡೂ ಪ್ರೊಟೀನುಗಳ ರಚನೆ ಬಿಡಿಸಿ ನೋಡಿದಾಗ ಒಂದೇ ಎಂದು ತಿಳಿಯಿತು. ನಾಳವನ್ನು ಬೆಳೆಸುವುದೂ ಸೋರಿಸುವುದೂ ಒಂದೇ ಅಣು. ಈಗ ಅದನ್ನು ವಿಇಜಿಎಫ್ ಎನ್ನುತ್ತಾರೆ. ಸೋರಿಕೆಯ ಆ ಗುಣ ಮುಂದೆ ಕಣ್ಣಿನ ವಿಷಯದಲ್ಲಿ ಬಹಳ ಮುಖ್ಯವಾಯಿತು.

1993ರಲ್ಲಿ ಫೆರಾರಾ ತಂಡ ವಿಇಜಿಎಫ್‌ಗೆ ಅಂಟಿಕೊಳ್ಳುವ ಇಲಿಯ ಪ್ರತಿಕಾಯವನ್ನು ಕೊಟ್ಟು ಇಲಿಗಳಲ್ಲಿ ಗಂತಿಯ ಬೆಳವಣಿಗೆ ತಗ್ಗಿಸಿತು. ಇಲಿಯ ಪ್ರೊಟೀನನ್ನು ಮನುಷ್ಯರಿಗೆ ಪದೇ ಪದೇ ಚುಚ್ಚಿದರೆ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನೇ ಶತ್ರುವೆಂದು ಗುರುತಿಸುತ್ತದೆ. ಹಾಗಾಗಿ ವಿಇಜಿಎಫ್ ಅನ್ನು ಹಿಡಿಯುವ ತುದಿಯ ಕೆಲವು ಭಾಗಗಳನ್ನಷ್ಟೇ ಇಲಿಯದಾಗಿ ಉಳಿಸಿಕೊಂಡು, ಮಿಕ್ಕದ್ದನ್ನು ಮನುಷ್ಯರ ಪ್ರತಿಕಾಯದಿಂದ ತುಂಬಿದರು. ಶೇಕಡ 93ರಷ್ಟು ಮನುಷ್ಯರದೇ ಆದ ಈ ಅಣುವೇ ಬೆವಾಸಿಜುಮಾಬ್, ಮಾರುಕಟ್ಟೆಯ ಹೆಸರು ಅವಾಸ್ಟಿನ್. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಇದನ್ನು ಬಳಸಲು 2004ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕಿಮೋಥೆರಪಿಯೊಂದೇ ಪಡೆದವರ ಉಳಿವಿನ ಮಧ್ಯಾಂಕ (ಮೀಡಿಯನ್) 15.6 ತಿಂಗಳಾದರೆ, ಇದನ್ನೂ ಸೇರಿಸಿ ಪಡೆದವರದು 20.3 ತಿಂಗಳು.

ಸುಮಾರು ಐದು ತಿಂಗಳು. ರೋಗಿಗೆ ಅದು ಸಣ್ಣದಲ್ಲ, ಆದರೆ ಗಂತಿಯನ್ನು ಉಪವಾಸ ಕೆಡವಿ ಸೋಲಿಸುವ ಕನಸಿಗೆ ಹೋಲಿಸಿದರೆ ಕಡಿಮೆಯೇ. ಒಂದು ಕರೆಯನ್ನು ತಡೆದರೆ ಗಂತಿ ಬೇರೆ ಅಂಶಗಳಿಂದ ಕರೆಯುತ್ತದೆ, ಇಲ್ಲವೇ ಈಗಾಗಲೇ ಇರುವ ನಾಳಗಳನ್ನು ತಬ್ಬಿಕೊಂಡು ಬೆಳೆಯುತ್ತದೆ. ಸ್ತನ ಕ್ಯಾನ್ಸರಿಗೆ 2008ರಲ್ಲಿ ತ್ವರಿತವಾಗಿ ಕೊಟ್ಟಿದ್ದ ಒಪ್ಪಿಗೆಯನ್ನು ಎಫ್‌ಡಿಎ 2011ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಆಯುಷ್ಯ ಹೆಚ್ಚಿದ ಪುರಾವೆ ಸಿಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಸಿಕ್ಕಿದ್ದವು. ಕೆಲವು ಕ್ಯಾನ್ಸರುಗಳಲ್ಲಿ ಈ ಔಷಧ ಇಂದಿಗೂ ಬಳಕೆಯಲ್ಲಿದೆ. ಆದರೂ ಅದರ ನಿಜವಾದ ನೆಲೆ ಬೇರೆ ಕಡೆ ಇತ್ತು ಎಂಬುದೇ ನನ್ನ ಅಭಿಪ್ರಾಯ.

ಕಣ್ಣಿನ ಅಕ್ಷಿಪಟಲಕ್ಕೆ ಆಮ್ಲಜನಕದ ಹಸಿವು ವಿಪರೀತ. ಹಸಿವು ನೀಗದಿದ್ದಾಗ ಅದು ಯಾವುದೋ 'ಎಕ್ಸ್' ಅಂಶವನ್ನು ಬಿಟ್ಟು ಹೊಸ ನಾಳಗಳನ್ನು ಕರೆಯುತ್ತಿರಬೇಕೆಂದು ಐಸಾಕ್ ಮೈಕಲ್‌ಸನ್ 1948ರಲ್ಲೇ ಊಹಿಸಿದ್ದರು. 1994ರಲ್ಲಿ ಬಾಸ್ಟನ್ನಿನ ಲಾಯ್ಡ್ ಪಾಲ್ ಅಯೆಲ್ಲೊ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರ ಕಣ್ಣಿನ ದ್ರವದಲ್ಲಿ ವಿಇಜಿಎಫ್ ಹೆಚ್ಚಿರುವುದನ್ನು ತೋರಿಸಿದರು. ಹೀಗೆ ಅವಸರದಲ್ಲಿ ಹುಟ್ಟಿದ ನಾಳಗಳು ಗಟ್ಟಿಯಿರುವುದಿಲ್ಲ, ಸಣ್ಣ ಒತ್ತಡಕ್ಕೂ ಒಡೆದು ರಕ್ತ ಚೆಲ್ಲುತ್ತವೆ. ಹಳೆಯ ನಾಳಗಳು ಸೋರುತ್ತವೆ. ಓದಲು, ಮುಖ ಗುರುತಿಸಲು ಬೇಕಾದ ಮ್ಯಾಕ್ಯುಲಾ ಎಂಬ ನಡುಭಾಗದಲ್ಲಿ ನೀರು ಸೇರಿ ಅದು ಊದಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಕಾಣುವ ಮ್ಯಾಕ್ಯುಲಾದ ಸವೆತದ 'ಒದ್ದೆ' ರೂಪದಲ್ಲೂ ಇದೇ ಅಣುವಿನ ಕೈವಾಡ.

ಔಷಧದ ದೃಷ್ಟಿಯಿಂದ ಕಣ್ಣಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಅದು ಸುಮಾರು ನಾಲ್ಕು ಮಿಲಿಲೀಟರ್ ಲೋಳೆ ತುಂಬಿದ ಮುಚ್ಚಿದ ಕೋಣೆ. ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗ ಮದ್ದು ಹಾಕಿದರೆ ಸಾಕು, ಮಿಕ್ಕ ಮೈಗೆ ಹೋಗುವ ಪಾಲು ತೀರ ಕಡಿಮೆ. ಕ್ಯಾನ್ಸರಿಗೆ ಮೈಯೆಲ್ಲ ತುಂಬಬೇಕಿದ್ದ ಪ್ರತಿಕಾಯದ ನೂರನೇ ಒಂದಂಶವೂ ಇಲ್ಲಿ ಬೇಕಿಲ್ಲ.

ಜೆನೆಂಟೆಕ್ ಇಲ್ಲಿ ಒಂದು ತರ್ಕ ಮಾಡಿತು. ಪೂರ್ತಿ ಪ್ರತಿಕಾಯ ದೊಡ್ಡದು, ಅಕ್ಷಿಪಟಲದ ಪದರಗಳನ್ನು ತೂರಲಾರದು, ಆದ್ದರಿಂದ ಹಿಡಿಯುವ ತುದಿಯನ್ನಷ್ಟೇ ಕತ್ತರಿಸಿಕೊಳ್ಳೋಣ ಎಂದು. ಆ ತುಣುಕಿನಲ್ಲಿ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಿ ಹಿಡಿತವನ್ನು ಇನ್ನಷ್ಟು ಬಿಗಿಮಾಡಿ, ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದು ರಾನಿಬಿಜುಮಾಬ್, ಅಂದರೆ ಲುಸೆಂಟಿಸ್. 2006ರ ಜೂನಿನಲ್ಲಿ ಒಪ್ಪಿಗೆ ಪಡೆದ ಅದರ ಫಲಿತಾಂಶ ನೇತ್ರತಜ್ಞರನ್ನು ಬೆರಗುಗೊಳಿಸಿತು. ಮ್ಯಾಕ್ಯುಲಾದ ಒದ್ದೆ ಸವೆತವಿದ್ದು ತಿಂಗಳಿಗೊಂದು ಚುಚ್ಚುಮದ್ದು ಪಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷದ ಕೊನೆಗೆ ಕಣ್ಣಿನ ಪರೀಕ್ಷೆಯ ಪಟದಲ್ಲಿ ಮೊದಲಿಗಿಂತ ಕನಿಷ್ಠ 15 ಅಕ್ಷರ ಹೆಚ್ಚು ಓದಬಲ್ಲವರಾದರು. ಅದಕ್ಕೆ ಮುಂಚೆ ಈ ಕಾಯಿಲೆಯಲ್ಲಿ ವೈದ್ಯರು ಬಯಸುತ್ತಿದ್ದುದು ದೃಷ್ಟಿ ಇನ್ನೂ ಕೆಡದಿರಲಿ ಎಂದಷ್ಟೇ. ಮರಳಿ ಬರುವುದು ಲೆಕ್ಕದಲ್ಲೇ ಇರಲಿಲ್ಲ.

ತರ್ಕ ಮಾತ್ರ ತಪ್ಪಾಗಿತ್ತು. ಲುಸೆಂಟಿಸ್ ಮಾರುಕಟ್ಟೆಗೆ ಬರುವ ಮುಂಚೆಯೇ, 2005ರಲ್ಲಿ, ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಅವರು ಕ್ಯಾನ್ಸರಿನ ಅವಾಸ್ಟಿನ್ನನ್ನೇ ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಚುಚ್ಚಿ ನೋಡಿದರು. ಊತ ಇಳಿಯಿತು. ದೊಡ್ಡ ಅಣುವೂ ಅಕ್ಷಿಪಟಲವನ್ನು ತೂರುತ್ತದೆ ಎಂದು ಮೊಲಗಳಲ್ಲಿ ಕಂಡುಬಂತು. ಕ್ಯಾನ್ಸರಿನ ಒಂದು ಬಾಟಲಿಯಿಂದ ಹತ್ತಾರು ಕಣ್ಣುಗಳಿಗೆ ಮದ್ದು ಸಿಗುತ್ತದೆ. ಆಗ ಅಮೆರಿಕದಲ್ಲಿ ಲುಸೆಂಟಿಸಿನ ಒಂದು ಚುಚ್ಚುಮದ್ದಿಗೆ ಸುಮಾರು 2,000 ಡಾಲರ್ ಇತ್ತು, ಅವಾಸ್ಟಿನ್ನಿಗೆ ಸುಮಾರು 50. ಕಂಪನಿ ಕಣ್ಣಿನ ಬಳಕೆಗೆ ಒಪ್ಪಿಗೆಯನ್ನೇ ಕೇಳಲಿಲ್ಲ, ಏಕೆ ಕೇಳೀತು? ಕೊನೆಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ನೇತ್ರ ಸಂಸ್ಥೆ ತನ್ನ ಹಣದಲ್ಲಿ ಸುಮಾರು 1,200 ರೋಗಿಗಳಲ್ಲಿ ಎರಡನ್ನೂ ಹೋಲಿಸಿತು. 2011ರಲ್ಲಿ ಬಂದ ಫಲಿತಾಂಶ: ದೃಷ್ಟಿಯ ಮಟ್ಟಿಗೆ ಎರಡೂ ಸಮಾನ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆವಾಸಿಜುಮಾಬನ್ನು ಕಣ್ಣಿನ ಬಳಕೆಗಾಗಿಯೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸರ್ಕಾರ ಹಣ ಹಾಕದಿದ್ದರೆ ಈ ಹೋಲಿಕೆಯನ್ನು ಮಾಡುವ ಆಸೆ ಯಾವ ಕಂಪನಿಗೂ ಇರಲಿಲ್ಲ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಬಲೆಯ ವಿಷಯ. ಪ್ರೊಟೀನ್ ಎಂಜಿನಿಯರಿಂಗ್ ಎಂದರೇನು ಎಂದು ಕೇಳುವವರಿಗೆ ನಾನು ತೋರಿಸುವ ಉದಾಹರಣೆ ಇದು.

ವಿಇಜಿಎಫ್‌ಗೆ ಜೀವಕೋಶದ ಮೇಲೆ ಎರಡು ಮುಖ್ಯ ಗ್ರಾಹಕಗಳಿವೆ. ಎರಡನೆಯದು ಸೂಚನೆಯನ್ನು ಒಳಗೆ ತಲುಪಿಸುವ ಕೆಲಸಗಾರ. ಮೊದಲನೆಯದು ಹತ್ತು ಪಟ್ಟು ಬಿಗಿಯಾಗಿ ಹಿಡಿಯುತ್ತದೆ, ಆದರೆ ಹೆಚ್ಚು ಸೂಚನೆ ದಾಟಿಸುವುದಿಲ್ಲ. ಈ ಮೊದಲ ಗ್ರಾಹಕದ ಹೊರಭಾಗವಷ್ಟೇ ಬಿಡಿಯಾಗಿ ತೇಲಾಡುವ ರೂಪವೊಂದು ದೇಹದಲ್ಲೇ ಇದೆಯೆಂದು 1993ರಲ್ಲಿ ಕೆಂಡಲ್ ಮತ್ತು ಥಾಮಸ್ ತೋರಿಸಿದ್ದರು. ಆಮೇಲೆ ಕಾರ್ನಿಯಾದಲ್ಲಿ ಸಿಕ್ಕಿದ್ದು ಇದೇ. ಹಿಡಿಯುತ್ತದೆ, ಆದರೆ ಸುದ್ದಿ ಮುಟ್ಟಿಸುವ ಬಾಲ ಇಲ್ಲ. ಹಿಡಿದದ್ದು ಅಲ್ಲೇ ಉಳಿಯುತ್ತದೆ.

ನ್ಯೂಯಾರ್ಕ್ ರಾಜ್ಯದ ರೀಜೆನೆರಾನ್ ಕಂಪನಿಯಲ್ಲಿ ಜಾರ್ಜ್ ಯಾಂಕೋಪೌಲೋಸ್ ಅವರ ತಂಡ ಇದನ್ನೇ ಔಷಧವಾಗಿಸಲು ಹೊರಟಿತು. ಗ್ರಾಹಕದ ಹೊರಭಾಗ ಮಣಿಸರದಂತೆ ಏಳು ಘಟಕಗಳಿಂದಾಗಿದೆ. ಮೊದಲ ಮೂರನ್ನು ತೆಗೆದುಕೊಂಡು ಮಾನವ ಪ್ರತಿಕಾಯದ ಬಾಲಕ್ಕೆ ಬೆಸೆದರು. ಬಾಲ ಸೇರಿಸಿದ್ದಕ್ಕೆ ಎರಡು ಲಾಭ: ರಕ್ತದಲ್ಲಿ ಬೇಗ ಕರಗಿಹೋಗುವುದಿಲ್ಲ, ಮತ್ತು ಎರಡು ಬಾಲಗಳು ಜೋಡಿಯಾಗುವುದರಿಂದ ಬಲೆಗೆ ಎರಡು ತೋಳು ಸಿಗುತ್ತವೆ. ವಿಇಜಿಎಫ್ ಕೂಡ ಜೋಡಿ ಅಣು. ಎರಡೂ ಕಡೆಯಿಂದ ತಬ್ಬಿದರೆ ಬಿಡಿಸಿಕೊಳ್ಳಲಾಗದು.

ಪ್ರಯೋಗನಳಿಕೆಯಲ್ಲಿ ಅದು ಅದ್ಭುತವಾಗಿ ಹಿಡಿಯಿತು. ಪ್ರಾಣಿಯ ಚರ್ಮದಡಿ ಚುಚ್ಚಿದಾಗ ಮಾತ್ರ ರಕ್ತಕ್ಕೆ ಬಹುತೇಕ ಬರಲೇ ಇಲ್ಲ. ಕಾರಣ ಹುಡುಕಿದಾಗ ದೋಷ ಮೂರನೆಯ ಘಟಕದಲ್ಲಿ ಸಿಕ್ಕಿತು. ಅಲ್ಲಿ ಧನ ವಿದ್ಯುದಂಶದ ಅಮೈನೊ ಆಮ್ಲಗಳು ಗುಂಪುಗೂಡಿದ್ದವು, ಜೀವಕೋಶಗಳ ನಡುವಿನ ಜಾಲರಿಯಲ್ಲಿ ಋಣ ವಿದ್ಯುದಂಶ ಹೇರಳ. ಬಲೆ ಚುಚ್ಚಿದ ಜಾಗದಲ್ಲೇ ಅಂಟಿಕೊಂಡಿತ್ತು. ಆ ಗುಂಪನ್ನು ಕತ್ತರಿಸಿ ನೋಡಿದರು, ಸ್ವಲ್ಪ ಸುಧಾರಿಸಿತು. ಮೊದಲ ಘಟಕವನ್ನೂ ತೆಗೆದು ನೋಡಿದರು, ಇನ್ನೂ ಸ್ವಲ್ಪ. ಕೊನೆಗೆ ಮೊದಲ ಗ್ರಾಹಕದ ಎರಡನೇ ಘಟಕವನ್ನು ಇಟ್ಟುಕೊಂಡು, ಮೂರನೆಯದರ ಬದಲು ಎರಡನೇ ಗ್ರಾಹಕದ ಮೂರನೇ ಘಟಕವನ್ನು ತಂದು ಜೋಡಿಸಿದರು. ಹಿಡಿತ ಹಾಗೇ ಉಳಿಯಿತು, ಅಂಟು ಹೋಯಿತು, ರಕ್ತದಲ್ಲಿ ಸಿಗುವ ಪ್ರಮಾಣ ನೂರಾರು ಪಟ್ಟು ಏರಿತು. 2002ರಲ್ಲಿ ಪ್ರಕಟವಾದ ಈ ಮಿಶ್ರ ಅಣುವೇ ಅಫ್ಲಿಬರ್ಸೆಪ್ಟ್. ಪ್ರಕೃತಿಯಲ್ಲಿ ಇಂಥ ಜೋಡಣೆ ಎಲ್ಲೂ ಇಲ್ಲ, ಆದರೆ ಬಳಸಿದ ಒಂದೊಂದು ಭಾಗವೂ ನಮ್ಮ ಮೈಯದೇ. 2011ರ ನವೆಂಬರಿನಲ್ಲಿ 'ಐಲಿಯಾ' ಹೆಸರಿನಲ್ಲಿ ಕಣ್ಣಿಗೆ ಬಂತು. ಎರಡು ತಿಂಗಳಿಗೊಮ್ಮೆ ಕೊಟ್ಟರೂ ತಿಂಗಳಿಗೊಮ್ಮೆ ಕೊಟ್ಟ ಲುಸೆಂಟಿಸಿಗೆ ಸಮ ನಿಂತಿತು. ಸಕ್ಕರೆ ಕಾಯಿಲೆಯ ಮ್ಯಾಕ್ಯುಲಾ ಊತದಲ್ಲಿ ಮೂರೂ ಔಷಧಗಳನ್ನು ಹೋಲಿಸಿದ 2015ರ ಅಧ್ಯಯನ, ದೃಷ್ಟಿ ಸ್ವಲ್ಪವೇ ಕೆಟ್ಟವರಲ್ಲಿ ಮೂರೂ ಒಂದೇ, ಹೆಚ್ಚು ಕೆಟ್ಟವರಲ್ಲಿ ಅಫ್ಲಿಬರ್ಸೆಪ್ಟ್ ಮೇಲು ಎಂದಿತು.

ಕಣ್ಣಿಗೆ ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ. ಹಾಗಾಗಿ ಮುಂದಿನ ಪೈಪೋಟಿ ಅಂತರ ಹೆಚ್ಚಿಸುವುದರ ಮೇಲೆ ನಡೆದಿದೆ. 2019ರಲ್ಲಿ ಬಂದ ಬ್ರೊಲುಸಿಜುಮಾಬ್ ಇನ್ನೂ ಚಿಕ್ಕ ತುಣುಕು. ಚಿಕ್ಕದಾದ್ದರಿಂದ ಅದೇ ಹನಿಯಲ್ಲಿ ಹೆಚ್ಚು ಅಣುಗಳನ್ನು ತುಂಬಬಹುದು. ಬಳಕೆಗೆ ಬಂದ ಕೆಲವೇ ತಿಂಗಳಲ್ಲಿ ಕೆಲವರ ಅಕ್ಷಿಪಟಲದ ರಕ್ತನಾಳಗಳು ಉರಿಯೂತಕ್ಕೆ ಸಿಕ್ಕಿ ಮುಚ್ಚಿಹೋದವು, ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಪ್ರತಿಕಾಯದ ಹಂಗೇ ಇಲ್ಲದೆ ಪೂರ್ತಿ ಬೇರೆ ವಿನ್ಯಾಸದಿಂದ ಕಟ್ಟಿದ ಅಬಿಸಿಪಾರ್ ಎಂಬ ಇನ್ನೊಂದು ಪುಟ್ಟ ಪ್ರೊಟೀನನ್ನು ಕಣ್ಣಿನ ಉರಿಯೂತದ ಕಾರಣಕ್ಕೇ ಎಫ್‌ಡಿಎ 2020ರಲ್ಲಿ ತಿರಸ್ಕರಿಸಿತು. 2022ರಲ್ಲಿ ಬಂದ ಫಾರಿಸಿಮಾಬ್ ಒಂದು ಕೈಯಲ್ಲಿ ವಿಇಜಿಎಫ್, ಇನ್ನೊಂದರಲ್ಲಿ ನಾಳಗಳನ್ನು ಸಡಿಲಗೊಳಿಸುವ ಮತ್ತೊಂದು ಅಂಶವನ್ನು ಹಿಡಿಯುತ್ತದೆ. ಅದು ನೆಲೆಯೂರಿದೆ. ಕಣ್ಣಿನ ಕೋಶಗಳಿಗೇ ಜೀನ್ ಸೇರಿಸಿ, ಅವೇ ಬಲೆ ನೇಯುವಂತೆ ಮಾಡುವ ಪ್ರಯತ್ನಗಳೂ ಕ್ಲಿನಿಕಲ್ ಪರೀಕ್ಷೆಯಲ್ಲಿವೆ. ನನಗೆ ಅಲ್ಲಿ ಒಂದು ಅಳುಕಿದೆ: ಚುಚ್ಚುಮದ್ದನ್ನು ನಿಲ್ಲಿಸಬಹುದು, ಸೇರಿಸಿದ ಜೀನನ್ನು ಮರಳಿ ತೆಗೆಯುವ ದಾರಿ ಇಲ್ಲ.

ಅಳುಕಿಗೆ ಕಾರಣವಿದೆ. ಬೆಳವಣಿಗೆ ಅಂಶ ಶತ್ರುವಲ್ಲ. ಇಲಿಯ ಭ್ರೂಣದಲ್ಲಿ ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಒಂದನ್ನು ತೆಗೆದರೂ ಭ್ರೂಣ ಬದುಕುವುದಿಲ್ಲ ಎಂದು 1996ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ದೊಡ್ಡವರಲ್ಲಿ ಮೂತ್ರಪಿಂಡದ ಶೋಧಕಗಳು ಸುಸ್ಥಿತಿಯಲ್ಲಿರಲು ಅದು ಬೇಕು. ಕ್ಯಾನ್ಸರಿಗೆ ಅವಾಸ್ಟಿನ್ ಪಡೆದವರಲ್ಲಿ ರಕ್ತದೊತ್ತಡ ಏರುವುದು, ಮೂತ್ರದಲ್ಲಿ ಪ್ರೊಟೀನು ಹೋಗುವುದು, ಗಾಯ ಮಾಯದಿರುವುದು ಇದರಿಂದಲೇ.

ರಕ್ತದೊತ್ತಡ ಮತ್ತು ಮೂತ್ರದಲ್ಲಿ ಪ್ರೊಟೀನು: ಹೆರಿಗೆ ವೈದ್ಯರಿಗೆ ಈ ಜೋಡಿ ಚೆನ್ನಾಗಿ ಗೊತ್ತು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಬರುವ 'ನಂಜು', ಪ್ರಿ-ಎಕ್ಲಾಂಪ್ಸಿಯಾದ ಲಕ್ಷಣಗಳಿವು. 2003ರಲ್ಲಿ ಬಾಸ್ಟನ್ನಿನಲ್ಲಿದ್ದ ಭಾರತ ಮೂಲದ ಅನಂತ್ ಕರುಮಂಚಿ ಮತ್ತು ಸಂಗಡಿಗರು ಈ ತಾಯಂದಿರ ರಕ್ತದಲ್ಲಿ ಅತಿಯಾಗಿ ಇರುವ ಪ್ರೊಟೀನು ಯಾವುದೆಂದು ಕಂಡುಹಿಡಿದರು. ಅದು ಮತ್ತೇನೂ ಅಲ್ಲ, ಕಾರ್ನಿಯಾವನ್ನು ತಿಳಿಯಾಗಿಡುವ ಅದೇ ಬಿಡಿ ಗ್ರಾಹಕ. ರೋಗಗ್ರಸ್ತ ಮಾಸು ಅದನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ಗಬ್ಬದ ಹೆಗ್ಗಣಗಳಿಗೆ ಅದನ್ನು ಕೊಟ್ಟಾಗ ಅವುಗಳಿಗೂ ನಂಜು ಬಂತು. ಒಂದೇ ಬಲೆ ಕಣ್ಣಿನ ಮುಂದೆ ಇದ್ದರೆ ದೃಷ್ಟಿ, ತಾಯಿಯ ರಕ್ತದಲ್ಲಿ ಉಕ್ಕಿದರೆ ಪ್ರಾಣಾಪಾಯ. ಈ ಪ್ರೊಟೀನನ್ನು ಇನ್ನೊಂದು ಅಂಶದ ಜೊತೆ ಅಳೆದು ಅಪಾಯವನ್ನು ಮುಂಚೆಯೇ ಅಂದಾಜಿಸುವ ರಕ್ತಪರೀಕ್ಷೆಗೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ನೀಡಿದೆ.

ಬೇರೆ ಬೆಳವಣಿಗೆ ಅಂಶಗಳನ್ನು ತಡೆದಾಗಲೂ ಇಂಥ ಅನಿರೀಕ್ಷಿತಗಳು ಎದುರಾಗಿವೆ. ನರಗಳ ಬೆಳವಣಿಗೆ ಅಂಶವನ್ನು ತಡೆದರೆ ಮಂಡಿನೋವು ಹೋಗುತ್ತದೆ ಎಂದು ತಾನೆಜುಮಾಬ್ ಎಂಬ ಪ್ರತಿಕಾಯ ಮಾಡಿದರು. ನೋವೇನೋ ಇಳಿಯಿತು, ಆದರೆ ಕೆಲವರ ಕೀಲುಗಳು ಬೇಗ ಬೇಗ ಸವೆದವು. 2021ರಲ್ಲಿ ಎಫ್‌ಡಿಎ ಸಲಹಾ ಸಮಿತಿ 19-1 ಮತಗಳಿಂದ ಬೇಡವೆಂದಿತು, ಅದು ಅಲ್ಲಿಗೆ ಮುಗಿಯಿತು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಆಕ್ಟಿವಿನ್ ಎಂಬ ಅಂಶವನ್ನು ಹಿಡಿಯುವ ಸೊಟಾಟರ್ಸೆಪ್ಟ್ ಬಲೆಯನ್ನು ಮೂಳೆ ಗಟ್ಟಿ ಮಾಡಲೆಂದು ಪರೀಕ್ಷಿಸಿದಾಗ, ರಕ್ತದ ಹಿಮೋಗ್ಲೋಬಿನ್ ಏರಿತು. ಆ ಅಡ್ಡಪರಿಣಾಮದ ಜಾಡು ಹಿಡಿದು ಹೊರಟವರಿಗೆ ತಲಸೇಮಿಯಾದ ರಕ್ತಹೀನತೆಗೆ ಲುಸ್ಪಾಟರ್ಸೆಪ್ಟ್ ಎಂಬ ಇನ್ನೊಂದು ಬಲೆ ಸಿಕ್ಕಿತು. ಸೊಟಾಟರ್ಸೆಪ್ಟ್ ಕೂಡ ವ್ಯರ್ಥವಾಗಲಿಲ್ಲ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಕಾಯಿಲೆಗೆ ಅದು 2024ರಲ್ಲಿ ಒಪ್ಪಿಗೆ ಪಡೆಯಿತು.

ಭಾರತದಲ್ಲಿ ಈ ಔಷಧಗಳ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಬೆಲೆಯಲ್ಲಿ. ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. 2022ರ ಇನ್ನೊಂದು ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ, 40 ದಾಟಿದ ಮಧುಮೇಹಿಗಳಲ್ಲಿ ಎಂಟರಲ್ಲಿ ಒಬ್ಬರಿಗೆ ಅಕ್ಷಿಪಟಲದ ತೊಂದರೆ ಕಂಡಿತು. ಇಷ್ಟು ಜನಕ್ಕೆ ವಿದೇಶಿ ಬ್ರಾಂಡಿನ ಮದ್ದು ಕೊಡಿಸುವುದು ಆಗದ ಮಾತು. ಹಾಗಾಗಿ ನಮ್ಮಲ್ಲಿ ಅವಾಸ್ಟಿನ್ ಹಂಚಿಕೊಂಡು ಬಳಸುವುದೇ ವಾಡಿಕೆಯಾಯಿತು. ಅದರಲ್ಲೂ ಅಪಾಯವಿದೆ. 2016ರ ಆರಂಭದಲ್ಲಿ ಗುಜರಾತಿನಲ್ಲಿ ಚುಚ್ಚುಮದ್ದಿನ ನಂತರ ಹಲವರ ಕಣ್ಣು ಕೆಟ್ಟಾಗ, ನಕಲಿ ಬಾಟಲಿಯ ಸಂಶಯ ಎದ್ದಿತು. ಔಷಧ ನಿಯಂತ್ರಕರು ಕಣ್ಣಿನ ಬಳಕೆಯ ವಿರುದ್ಧ ಎಚ್ಚರಿಕೆ ಹೊರಡಿಸಿದರು, ನೇತ್ರತಜ್ಞರು ಬಡವರ ಗತಿಯೇನೆಂದು ಪ್ರತಿಭಟಿಸಿದ ಮೇಲೆ ಅದು ಸಡಿಲವಾಯಿತು. ತಜ್ಞರು ಹೇಳಿದ್ದು ಸರಿಯಾಗಿತ್ತು. ತಪ್ಪು ಅಣುವಿನದಲ್ಲ, ಬಾಟಲಿಯಿಂದ ಸಿರಿಂಜಿನವರೆಗಿನ ದಾರಿಯದು.

ಪೇಟೆಂಟ್ ಮುಗಿದ ಪ್ರೊಟೀನನ್ನು ಇನ್ನೊಬ್ಬರು ತಯಾರಿಸಿದರೆ ಅದನ್ನು ಬಯೋಸಿಮಿಲರ್ ಎನ್ನುತ್ತಾರೆ. ಜೀವಕೋಶಗಳಲ್ಲಿ ಬೆಳೆಸಿದ ಪ್ರೊಟೀನು ಮಾತ್ರೆಯ ರಾಸಾಯನಿಕದ ಹಾಗೆ ಅಚ್ಚು ಹಾಕಿದಂತೆ ಒಂದೇ ಇರುವುದಿಲ್ಲ, ಆದ್ದರಿಂದ 'ಅದೇ' ಅನ್ನದೆ 'ಅದರಂತೆ' ಎಂದು ಸಾಬೀತುಪಡಿಸಬೇಕು. ಅಹಮದಾಬಾದಿನ ಇಂಟಾಸ್ 2015ರಲ್ಲೇ ರಾನಿಬಿಜುಮಾಬಿನ ಬಯೋಸಿಮಿಲರನ್ನು ಭಾರತದಲ್ಲಿ ತಂದಿತು. ಬೆಂಗಳೂರಿನ ಬಯೋಕಾನ್ 2017ರಲ್ಲಿ ಬೆವಾಸಿಜುಮಾಬನ್ನು ಕ್ಯಾನ್ಸರಿಗೆಂದು ಬಿಡುಗಡೆ ಮಾಡಿತು. ಬಯೋಕಾನ್ ಬಯಾಲಜಿಕ್ಸ್‌ನ ಅಫ್ಲಿಬರ್ಸೆಪ್ಟ್‌ಗೆ 2023ರಲ್ಲಿ ಯುರೋಪು, 2024ರ ಮೇನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಒಪ್ಪಿಗೆ ಸಿಕ್ಕ ಮೇಲೂ ಪೇಟೆಂಟ್ ವ್ಯಾಜ್ಯದಿಂದಾಗಿ ಅಮೆರಿಕದ ಪೇಟೆಗೆ ಕೂಡಲೇ ಇಳಿಯಲಾಗಲಿಲ್ಲ.

ಕರ್ನಾಟಕಕ್ಕೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ, ಅದು ಹೆಚ್ಚು ಹೆಮ್ಮೆಯದು. ತಿಂಗಳು ತುಂಬದೆ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಂಚಿನವರೆಗೆ ಬೆಳೆದಿರುವುದಿಲ್ಲ. ನಾಳವಿಲ್ಲದ ಭಾಗ ಆಮ್ಲಜನಕಕ್ಕಾಗಿ ವಿಇಜಿಎಫ್ ಸುರಿಸುತ್ತದೆ, ಅಡ್ಡಾದಿಡ್ಡಿ ನಾಳಗಳು ಬೆಳೆದು ಅಕ್ಷಿಪಟಲವನ್ನೇ ಕಿತ್ತುಬಿಡಬಹುದು. ಸಮಯಕ್ಕೆ ಪತ್ತೆಯಾಗದಿದ್ದರೆ ಮಗು ಕುರುಡಾಗುತ್ತದೆ, ಚಿಕಿತ್ಸೆಗೆ ಸಿಗುವುದು ಕೆಲವೇ ದಿನ. ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಶುರುವಾದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಕಂದಮ್ಮಗಳ ಅಕ್ಷಿಪಟಲದ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಇಂಥ ಮಕ್ಕಳಿಗೆ ಲೇಸರ್ ಹಳೆಯ ಚಿಕಿತ್ಸೆ. ವಿಇಜಿಎಫ್ ತಡೆಯುವ ಚುಚ್ಚುಮದ್ದು ಹೊಸತು, ಕೆಲವು ಸ್ಥಿತಿಗಳಲ್ಲಿ ಉತ್ತಮವೂ ಹೌದು. ಆದರೆ ಕಣ್ಣಿನಿಂದ ರಕ್ತಕ್ಕೆ ಸೇರುವ ಸ್ವಲ್ಪ ಮದ್ದು ಒಂದೆರಡು ಕಿಲೋ ತೂಕದ, ಮಿದುಳು ಶ್ವಾಸಕೋಶ ಇನ್ನೂ ಬೆಳೆಯುತ್ತಿರುವ ಮಗುವಿಗೆ ಸ್ವಲ್ಪವಲ್ಲ. ಲೇಸರನ್ನು ವೈದ್ಯರು ಇನ್ನೂ ಬಿಟ್ಟುಕೊಡದಿರುವುದು ಸರಿಯಾದ ಎಚ್ಚರ.

ಯಾವ ಬಲೆಯೂ ಸತ್ತ ನರಕೋಶವನ್ನು ಎಬ್ಬಿಸಲಾರದು, ಇನ್ನೂ ಉಳಿದಿರುವುದನ್ನು ಮಾತ್ರ ಕಾಯಬಲ್ಲದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಡಲು ತೊಡಗಿದಾಗ ನೋವಿಲ್ಲ, ಬಹುಕಾಲ ದೃಷ್ಟಿಯೂ ಮಂಜಾಗುವುದಿಲ್ಲ. ಕನ್ನಡಕದ ಅಂಗಡಿಯ ಪರೀಕ್ಷೆಯಲ್ಲಿ ಅದು ಸಿಗದು. ವಯಸ್ಕರಲ್ಲಿ ಬರುವ ಸಾಮಾನ್ಯ ಬಗೆಯ ಸಕ್ಕರೆ ಕಾಯಿಲೆಯಿದ್ದರೆ ಅದು ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ನೋಡಿಸಿಕೊಳ್ಳಿ. ಚುಚ್ಚುಮದ್ದು ಬೇಕೆಂದರೆ ಈ ಔಷಧಗಳಲ್ಲಿ ಯಾವುದು, ಏಕೆ ಎಂದು ವೈದ್ಯರನ್ನು ಕೇಳಿ. ಕಡಿಮೆ ಬೆಲೆಯದು ಕಡಿಮೆ ದರ್ಜೆಯದೆಂದು ಭಾವಿಸಬೇಡಿ. ಶುರುಮಾಡಿದ ಮೇಲೆ ಮುಂದಿನ ತಾರೀಖನ್ನು ತಪ್ಪಿಸಬೇಡಿ.